ಮುಂಗೋಪಿ ಮೀನಿಗೆ ತಕ್ಕ ನೆರೆಯವರು

ಜ್ಯಾಕ್ ಡೆಂಪ್ಸಿ ಎಂಬುವನು ಅಮೆರಿಕದ ಮುಷ್ಟಿಮಲ್ಲ. 1919ರಿಂದ 1926ರವರೆಗೆ ಹೆವಿವೇಟ್ ಪಂಗಡದ ವಿಶ್ವಪಟ್ಟ ಅವನ ಕೈಯಲ್ಲಿತ್ತು. ಆ ಮಲ್ಲನ ಹೆಸರನ್ನು ಮಧ್ಯ ಅಮೆರಿಕದ ಗೇಣುದ್ದದ ಒಂದು ಮೀನಿಗೆ ಇಟ್ಟಿದ್ದಾರೆ. ಮೀನಿನ ದವಡೆಯ ಬಿಗುವು ಅವನ ಮುಖವನ್ನು ನೆನಪಿಗೆ ತರುತ್ತದೆಂಬುದು ಒಂದು ಕಾರಣ. ಎದುರಿಗೆ ಬಂದವರ ಮೇಲೆ ಮುಂದುಹಿಂದು ನೋಡದೆ ಎರಗುವ ಗುಣ ಇನ್ನೊಂದು. ಗಾಜಿನ ತೊಟ್ಟಿಯಲ್ಲಿ ಇಂತಹ ಮೀನಿನೊಡನೆ ಬೇರೊಂದನ್ನು ಬಿಟ್ಟು, ಬೆಳಗಾಗುವಷ್ಟರಲ್ಲಿ ಬಾಲವಿಲ್ಲದ ಹೆಣ ತೇಲುವುದನ್ನು ಕಂಡು ಮಕ್ಕಳು ಅತ್ತ ಮನೆಗಳು ಕಡಮೆಯಲ್ಲ.

ಈ ಮೀನು ಸಿಕ್ಲಿಡ್ ಎಂಬ ದೊಡ್ಡ ಕುಲಕ್ಕೆ ಸೇರಿದ್ದು. ಶಾಸ್ತ್ರಜ್ಞರು ಹೆಸರಿಟ್ಟು ವರ್ಣಿಸಿರುವ ಸಿಕ್ಲಿಡ್ ಜಾತಿಗಳೇ ಸುಮಾರು 1,700. ಬಹುಪಾಲು ಆಫ್ರಿಕದ ಸರೋವರಗಳಲ್ಲಿಯೂ ದಕ್ಷಿಣ ಮತ್ತು ಮಧ್ಯ ಅಮೆರಿಕದ ನೀರುಗಳಲ್ಲಿಯೂ ಇವೆ. ಭಾರತಕ್ಕೆ ಸಹಜವಾದವು ಮೂರೇ ಮೂರು. ಆ ಮೂರರಲ್ಲಿ ಒಂದು ಕನ್ನಡನಾಡಿನ ಹೆಸರನ್ನೇ ಹೊತ್ತಿದೆ: 1877ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಎಟ್ರೋಪ್ಲಸ್ ಕ್ಯಾನರೆನ್ಸಿಸ್; ಅದರ ವಾಸ ದಕ್ಷಿಣ ಕನ್ನಡದ ಹೊಳೆಗಳಲ್ಲಿ. ಕೇರಳದವರು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಇದರ ದಾಯಾದಿ. ಪೇಟೆಯಲ್ಲಿ ‘ಜಿಲೇಬಿ’ ಎಂದು ಮಾರುವ ತಿಲಾಪಿಯವೂ ಸಿಕ್ಲಿಡ್ಡೇ. ಅದು ಆಫ್ರಿಕ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂದದ್ದು. ಆದರೆ ತೊಟ್ಟಿಯಲ್ಲಿ ಸಾಕಲು ಜನ ಆರಿಸಿಕೊಳ್ಳುವವು ಹೊರದೇಶದ ದೊಡ್ಡ ಜಾತಿಗಳು: ಅಮೆಜಾನಿನ ಆಸ್ಕರ್, ನಿಕರಾಗುವದ ಕೆಂಪು ಡೆವಿಲ್, ಮೈಮೇಲೆ ಚಿರತೆಯ ಚುಕ್ಕೆಗಳುಳ್ಳ ಜಾಗ್ವಾರ್, ಇವುಗಳಲ್ಲದೆ 1990ರ ದಶಕದಲ್ಲಿ ಮಲೇಶಿಯದವರು ಬೆರಕೆಯಿಂದ ಪಡೆದ, ಹಣೆಯ ಮೇಲೆ ಗುಬುಟಿರುವ ಫ್ಲವರ್‌ಹಾರ್ನ್. ಈ ಕೊನೆಯದು ಅದೃಷ್ಟ ತರುತ್ತದೆಂದು ನಂಬಿ ಮನೆಗೆ ತಂದವರೂ ಉಂಟು. ಅದೃಷ್ಟದ ಮಾತು ಹಾಗಿರಲಿ. ಅದರ ತೊಟ್ಟಿಯೊಳಗೆ ಕೈ ಹಾಕಿದವರು ಕಚ್ಚಿಸಿಕೊಳ್ಳದೆ ಬಂದುದು ಅಪರೂಪ.

ಈ ಸಿಟ್ಟಿನ ಮೂಲ ಸಂಸಾರದಲ್ಲಿದೆ. ಹೆಚ್ಚಿನ ಮೀನುಗಳು ಮೊಟ್ಟೆಯಿಟ್ಟು ತಮ್ಮ ಪಾಡಿಗೆ ಹೊರಟುಹೋಗುತ್ತವೆ. ಸಿಕ್ಲಿಡ್ ದಂಪತಿಗಳು ಹಾಗಲ್ಲ. ಒಂದು ಕಲ್ಲನ್ನು ಆರಿಸಿ, ಬಾಯಿಂದ ಉಜ್ಜಿ ಶುಚಿಮಾಡಿ, ಅದರ ಮೇಲೆ ಮೊಟ್ಟೆಯಿಟ್ಟು, ಈಜುರೆಕ್ಕೆಯಿಂದ ಹೊಸನೀರು ಬೀಸುತ್ತ, ಮರಿಗಳು ಹೊರಬಂದ ಮೇಲೂ ವಾರಗಟ್ಟಲೆ ಕಾವಲಿರುತ್ತವೆ. ಆಫ್ರಿಕದ ಅನೇಕ ಜಾತಿಗಳ ತಾಯಿ ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು, ಮರಿಯಾಗುವವರೆಗೆ ಉಪವಾಸವಿರುವುದುಂಟು. ಕಾಯಬೇಕಾದ ಮನೆಯುಳ್ಳವನಿಗೆ ಹತ್ತಿರ ಸುಳಿದವರೆಲ್ಲ ಕಳ್ಳರಾಗಿ ಕಂಡರೆ ಆಶ್ಚರ್ಯವೇನು? ಹೊಳೆಯಲ್ಲಾದರೆ ಸೋತ ಮೀನು ನಾಲ್ಕು ಮಾರು ಆಚೆಗೆ ಓಡಿ ಜೀವ ಉಳಿಸಿಕೊಳ್ಳುತ್ತದೆ. ಗೆದ್ದ ಮೀನು ಅಲ್ಲಿಗೇ ಬಿಟ್ಟು ಹಿಂತಿರುಗುತ್ತದೆ. ನಾಲ್ಕು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಸೋತವನಿಗೆ ಓಡುವ ಎಡೆಯಿಲ್ಲ. ಗೆದ್ದವನಿಗೆ ಜಗಳ ಮುಗಿಯಿತೆಂಬ ಸೂಚನೆಯೂ ಸಿಗುವುದಿಲ್ಲ. ತೊಟ್ಟಿಯ ಕೊಲೆಗಳೆಲ್ಲ ಬಹುಮಟ್ಟಿಗೆ ಈ ಇಕ್ಕಟ್ಟಿನಿಂದಲೇ ಆಗತಕ್ಕವು.

ಹಾಗಾದರೆ ಒಂಟಿಯಾಗಿಯೇ ಇಟ್ಟುಬಿಡಬಹುದಲ್ಲ ಎಂದರೆ, ಅದಕ್ಕೂ ತೊಡಕಿದೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ ಕಾನ್ರಾಡ್ ಲೊರೆನ್ಸ್, ಆಕ್ರಮಣವನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಿಕ್ಲಿಡ್‌ಗಳ ವಿಷಯವನ್ನು ವಿಸ್ತಾರವಾಗಿ ಹೇಳಿದ್ದಾನೆ. ಗಂಡುಹೆಣ್ಣು ಎರಡನ್ನೇ ಒಂದು ತೊಟ್ಟಿಯಲ್ಲಿ ಬಿಟ್ಟರೆ, ಸಿಟ್ಟು ತೋರಲು ನೆರೆಯವರಾರೂ ಇಲ್ಲದ ಗಂಡು ಕೊನೆಗೆ ಹೆಂಡತಿಯ ಮೇಲೆಯೇ ಎರಗುತ್ತದೆ; ನೆರೆಯಲ್ಲಿ ಬೇರೆ ಮೀನುಗಳಿದ್ದರೆ ಸಂಸಾರ ನೆಮ್ಮದಿಯಾಗಿರುತ್ತದೆ. ಕಚೇರಿಯಲ್ಲಿ ಮೇಲಧಿಕಾರಿಯಿಂದ ಬೈಸಿಕೊಂಡು ಬಂದವರ ಸಂಜೆಯನ್ನು ಕಂಡಿರುವ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನೆರೆ ಬೇಕು, ಆದರೆ ಎಂತಹ ನೆರೆ? ಇನ್ನೊಂದು ಸಿಕ್ಲಿಡ್ಡನ್ನು ತಂದರೆ ಅದು ಪ್ರತಿಸ್ಪರ್ಧಿಯಾಗುತ್ತದೆ. ಸಣ್ಣ ಮೀನನ್ನು ತಂದರೆ ಊಟವಾಗುತ್ತದೆ. ಈ ಎರಡರ ನಡುವೆ ಉಳಿಯುವವು ಕ್ಯಾಟ್‌ಫಿಶ್ ವರ್ಗದ ಮೀಸೆಯುಳ್ಳ ಮೀನುಗಳು. 3,000ಕ್ಕೂ ಮೀರಿದ ಜಾತಿಗಳುಳ್ಳ ಈ ವರ್ಗದಲ್ಲಿ ಕೆರೆಯ ಚೇಳುಮೀನೂ ಇದೆ, ಹೊಳೆಯ ಬಾಳೆಮೀನೂ ಇದೆ. ಇವುಗಳ ಆಕಾರ ಸಿಕ್ಲಿಡ್ಡಿನದಲ್ಲವಾದುದರಿಂದ ಅದಕ್ಕೆ ಇವು ತನ್ನ ಪಟ್ಟಕ್ಕೆ ಕೈಯಿಕ್ಕುವ ದಾಯಾದಿಗಳಾಗಿ ಅಷ್ಟಾಗಿ ತೋರುವುದಿಲ್ಲ. ಹೆಚ್ಚಿನವು ತಳದಲ್ಲಿ ವಾಸಿಸುತ್ತವೆ, ಹಗಲು ಅವಿತಿದ್ದು ಇರುಳು ಹೊರಡುತ್ತವೆ. ಸಿಕ್ಲಿಡ್ ಹಗಲಿನ ಮೀನು. ದೀಪ ಆರಿದೊಡನೆ ಮೂಲೆ ಸೇರುತ್ತದೆ. ಒಂದೇ ಮನೆಯಲ್ಲಿ ಹಗಲುಪಾಳಿ ರಾತ್ರಿಪಾಳಿಯ ಇಬ್ಬರು ಕೆಲಸಗಾರರು ಬಾಡಿಗೆಗಿದ್ದರೆ ಜಗಳಕ್ಕೆ ಹೊತ್ತೆಲ್ಲಿ?

ಆದರೆ ಕ್ಯಾಟ್‌ಫಿಶ್ ಎಂದೊಡನೆ ಕಣ್ಣು ಮುಚ್ಚಿ ಕೊಳ್ಳುವುದು ಸಲ್ಲದು. ಮೊದಲು ಬಾಯಿಯ ಲೆಕ್ಕ ಹಾಕಬೇಕು. ಕೋರಿಡೋರಸ್ ಎಂಬ ಎರಡು ಮೂರು ಅಂಗುಲದ ಮುದ್ದಾದ ಮೀನು ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಸಾಧುವೆಂದು ಅದನ್ನು ಆಸ್ಕರ್ ಇರುವ ತೊಟ್ಟಿಗೆ ಬಿಟ್ಟರೆ ಎರಡು ಜೀವಗಳ ಮೇಲೆ ಬರುತ್ತದೆ. ಅದರ ಬೆನ್ನಿನಲ್ಲಿಯೂ ಎರಡು ಪಕ್ಕಗಳಲ್ಲಿಯೂ ಗಟ್ಟಿಮುಳ್ಳುಗಳಿವೆ. ಹೆದರಿದಾಗ ಆ ಮುಳ್ಳುಗಳನ್ನು ನಿಮಿರಿಸಿ ಕೀಲು ಹಾಕಿದಂತೆ ನಿಲ್ಲಿಸುತ್ತದೆ. ಆಸ್ಕರ್ ಅದನ್ನು ನುಂಗಲು ಹೋಗಿ, ಮುಳ್ಳು ಗಂಟಲಿಗೆ ಸಿಕ್ಕಿ, ಒಳಗೂ ಎಳೆಯಲಾರದೆ ಹೊರಗೂ ಉಗುಳಲಾರದೆ ಒದ್ದಾಡುತ್ತದೆ. ಬೆಳಗ್ಗೆ ನೋಡಿದರೆ ನುಂಗಿದ್ದೂ ಸತ್ತಿದೆ, ನುಂಗಿಸಿಕೊಂಡದ್ದೂ ಸತ್ತಿದೆ. ಬೆಳೆದ ಆಸ್ಕರ್ ಒಂದು ಅಡಿ ಉದ್ದವಾಗುತ್ತದೆ. ಅದರ ಬಾಯಿ ನೋಡುವವರು ಊಹಿಸುವುದಕ್ಕಿಂತ ದೊಡ್ಡದು.

ಈ ಬಾಯಿಯ ಲೆಕ್ಕ ತಿರುಗುಮುರುಗಾಗಿಯೂ ನಡೆಯುವುದುಂಟು. ಅಂಗಡಿಯಲ್ಲಿ ಬೆರಳುದ್ದವಿದ್ದು, ಕೆಂಪು ಬಾಲವನ್ನು ಅಲ್ಲಾಡಿಸಿ ಮನಸ್ಸನ್ನು ಸೆಳೆಯುವ ರೆಡ್‌ಟೇಲ್ ಕ್ಯಾಟ್‌ಫಿಶ್ ಅಮೆಜಾನಿನಲ್ಲಿ ಮೀಟರಿಗೂ ಮೀರಿ ಬೆಳೆಯುವ ಪ್ರಾಣಿ. ಅದು ಬೆಳೆದಂತೆಲ್ಲ ಮುಂಗೋಪಿ ಸಿಕ್ಲಿಡ್ ಒಂದೊಂದಾಗಿ ಕಾಣೆಯಾಗತೊಡಗಿದರೆ ಪೊಲೀಸರಿಗೆ ದೂರು ಕೊಡಬೇಕಾದುದಿಲ್ಲ. ಹೊಳೆಯಿಂದ ಹಿಡಿದುತಂದ ಬಾಳೆಮೀನಿನ ಮರಿಯೂ ಇದೇ ಜಾಡಿನದು. ‘ಶಾರ್ಕ್’ ಎಂಬ ಸುಳ್ಳು ಹೆಸರಿನಿಂದ ಮಾರುವ ಪಂಗಾಸಿಯಸ್ ಹೆದರುಪುಕ್ಕಲು. ಬೆಚ್ಚಿಬಿದ್ದಾಗ ಗಾಜಿಗೆ ಮೂತಿ ಹೊಡೆದುಕೊಂಡು ಗಾಯಮಾಡಿಕೊಳ್ಳುತ್ತದೆ. ಅದೂ ಮೀಟರುದ್ದ ಬೆಳೆಯತಕ್ಕದ್ದೇ. ಇವಾವುವೂ ಮನೆಯ ತೊಟ್ಟಿಗೆ ಹೇಳಿಸಿದವುಗಳಲ್ಲ.

ಇನ್ನು ಎಲ್ಲರಿಗೂ ಪರಿಚಿತವಾದ ಪ್ಲೆಕೊ. ಸಿಕ್ಲಿಡ್ ಕೊಳ್ಳಲು ಹೋದ ಯಜಮಾನರಿಗೆ ಅಂಗಡಿಯವನು ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿ, ‘ಇದನ್ನೂ ಒಂದು ತೊಗೊಂಡುಹೋಗಿ ಸಾರ್, ಪಾಚಿಯನ್ನೆಲ್ಲ ತಿಂದು ಗಾಜನ್ನು ಲಕಲಕ ಅನ್ನಿಸಿಬಿಡುತ್ತೆ. ತೊಟ್ಟಿ ತೊಳೆಯೋ ಕೆಲಸವೇ ನಿಮಗಿರೋಲ್ಲ’ ಎನ್ನುತ್ತಾನೆ. ಮಾತಿನಲ್ಲಿ ಒಂದು ಪಾಲು ನಿಜವಿದೆ. ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಈ ಮೀನು ಎಳೆತನದಲ್ಲಿ ಪಾಚಿಯನ್ನು ಕೆರೆದು ತಿನ್ನುತ್ತದೆ. ಆದರೆ ಮೀನಿನ ಕಸವನ್ನೆಲ್ಲ ತಿಂದು ತೊಟ್ಟಿಯನ್ನು ಶುಚಿಯಾಗಿಡುವ ಮೀನಲ್ಲ ಅದು. ಬೆಳೆದ ಪ್ಲೆಕೊಗೆ ಪಾಚಿಗಿಂತ ಮೇಲಿನಿಂದ ಬಿದ್ದ ಕಾಳೇ ರುಚಿ. ಹಗಲಿರುಳು ತಿಂದು, ದಾರದಂತಹ ಮಲವನ್ನು ತೊಟ್ಟಿಯ ತುಂಬ ಎಳೆದಾಡಿ, ತಾನು ತೊಳೆದುದಕ್ಕಿಂತ ಹೆಚ್ಚನ್ನು ತಾನೇ ಹೊಲಸುಮಾಡುತ್ತದೆ. ಅಂಗಡಿಯಲ್ಲಿ ಎರಡು ಅಂಗುಲವಿದ್ದುದು ಒಂದೂಕಾಲು ಅಡಿಗೂ ಮೀರಿ ಬೆಳೆದು, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕೊಳ್ಳುವ ದಿನ ನೋಡಬೇಕಾದುದು ಆ ಒಂದೂಕಾಲು ಅಡಿಯನ್ನು, ಎರಡು ಅಂಗುಲವನ್ನಲ್ಲ.

ಇಷ್ಟಾದರೂ ಆರು ಅಡಿಯ ತೊಟ್ಟಿಯುಳ್ಳವರಿಗೆ ಪ್ಲೆಕೊ ಒಳ್ಳೆಯ ಆಯ್ಕೆಯೇ ಸರಿ. ಅದರ ಮೈಮೇಲೆ ಹುರುಪೆಯಿಲ್ಲ. ಎಲುಬಿನ ಫಲಕಗಳನ್ನು ಸಾಲಾಗಿ ಜೋಡಿಸಿದ ಕವಚವಿದೆ. ಆಸ್ಕರ್ ಎಷ್ಟು ಗುಮ್ಮಿದರೂ ಅದು ಕಲ್ಲಿನಂತೆ ಕುಳಿತಿರುತ್ತದೆ. ಆದರೆ ಕವಚಕ್ಕೂ ಎರಡು ಬಾಗಿಲುಗಳುಂಟು: ಕಣ್ಣು ಮತ್ತು ಬಾಲದ ಅಂಚು. ಅವಿತುಕೊಳ್ಳಲು ಮರೆಯಿಲ್ಲದ ತೊಟ್ಟಿಯಲ್ಲಿ ಕೆಂಪು ಡೆವಿಲ್ ಮೊದಲು ಕಿತ್ತುಹಾಕುವುದು ಅದರ ಕಣ್ಣನ್ನೇ. ಆದುದರಿಂದ ಬೆಳೆದ ಸಿಕ್ಲಿಡ್ ಇರುವಲ್ಲಿಗೆ ಎಳೆಯ ಪ್ಲೆಕೊವನ್ನು ಬಿಡಬಾರದು. ಆರು ಅಂಗುಲವಾದರೂ ಬೆಳೆದದ್ದನ್ನು ತರಬೇಕು. ಅದರ ಹೊಟ್ಟೆಯ ಕಡೆಗೂ ಗಮನವಿರಬೇಕು. ಹಸಿದ ಪ್ಲೆಕೊ ರಾತ್ರಿ ನಿದ್ರೆಯಲ್ಲಿರುವ ಆಸ್ಕರಿನ ಅಗಲವಾದ ಮಗ್ಗುಲಿಗೆ ಅಂಟಿಕೊಂಡು ಮೈಮೇಲಿನ ಲೋಳೆಯನ್ನು ಕೆರೆದು ತಿನ್ನುವುದುಂಟು. ಬೆಳಗ್ಗೆ ಆಸ್ಕರಿನ ಮೈಯಲ್ಲಿ ಗಾಯ ಕಂಡವರು ಸಾಧುವಿನ ಮೇಲೆ ಸಂಶಯಪಡುವುದೇ ಇಲ್ಲ. ಮಲಗುವ ಮುನ್ನ ಒಂದು ತುಂಡು ಸೌತೆಕಾಯಿಯನ್ನೋ ಕುಂಬಳಕಾಯಿಯನ್ನೋ ತಳಕ್ಕೆ ಇಳಿಸಿದರೆ ಈ ಕಳ್ಳತನ ಬಹುಪಾಲು ತಪ್ಪುತ್ತದೆ. ಇದೇ ಬಳಗದ ಬ್ರಿಸಲ್‌ನೋಸ್ ಐದಾರು ಅಂಗುಲಕ್ಕೆ ನಿಲ್ಲುತ್ತದೆ. ಕಾನ್ವಿಕ್ಟ್‌ನಂತಹ ಚಿಕ್ಕ ಸಿಕ್ಲಿಡ್‌ಗಳಿರುವ ನಾಲ್ಕು ಅಡಿಯ ತೊಟ್ಟಿಗೆ ಅದೇ ವಾಸಿ.

ಅಮೆರಿಕದ ಸಿಕ್ಲಿಡ್‌ಗಳೊಡನೆ ಬಾಳುವುದರಲ್ಲಿ ರಾಫೇಲ್ ಕ್ಯಾಟ್‌ಫಿಶ್ಶಿಗೆ ಹೆಚ್ಚಿನ ಅಂಕಗಳು ಸಲ್ಲಬೇಕು. ಕಪ್ಪು ಮೈಮೇಲೆ ಹಳದಿ ಬಿಳಿ ಪಟ್ಟೆಗಳು, ಮಗ್ಗುಲುದ್ದಕ್ಕೂ ಗರಗಸದಂತೆ ಕೊಕ್ಕೆಮುಳ್ಳುಗಳು. ಎಂಟು ಅಂಗುಲದವರೆಗೆ ಬೆಳೆಯುತ್ತದೆ. ಒಮ್ಮೆ ಬಾಯಿ ಹಾಕಿದ ಸಿಕ್ಲಿಡ್ ಎರಡನೆಯ ಸಲ ಆ ಗೋಜಿಗೆ ಹೋಗುವುದು ಕಡಮೆ. ಹಗಲೆಲ್ಲ ಮರದ ಬೊಡ್ಡೆಯ ಬಿರುಕಿನಲ್ಲಿ ಸೇರಿಕೊಂಡಿದ್ದು, ಕತ್ತಲಾದ ಮೇಲೆ ಹೊರಬಂದು ತಳದಲ್ಲಿ ಬಿದ್ದುದನ್ನು ಆಯ್ದುಕೊಳ್ಳುತ್ತದೆ. ನೀರಿನಿಂದ ಹೊರತೆಗೆದರೆ ಗೊರಗೊರ ಸದ್ದು ಮಾಡುವುದರಿಂದ ಇದಕ್ಕೆ ಮಾತನಾಡುವ ಮೀನೆಂಬ ಹೆಸರೂ ಇದೆ. ಅತಿಥಿಗಳಿಗೆ ತೋರಿಸಿ ಮೆರೆಯಬೇಕೆನ್ನುವವರಿಗೆ ಮಾತ್ರ ಇದು ಹೇಳಿಸಿದ್ದಲ್ಲ; ಇದನ್ನು ಸಾಕಿಯೂ ತಿಂಗಳುಗಟ್ಟಲೆ ಕಾಣದವರುಂಟು.

ಆಫ್ರಿಕದ ಸಿಕ್ಲಿಡ್‌ಗಳಿಗೆ ಆಫ್ರಿಕದ ನೆರೆಯೇ ತಕ್ಕುದು, ಮುಖ್ಯವಾಗಿ ನೀರಿನ ದೆಸೆಯಿಂದ. ಟಾಂಗನೀಕ ಸರೋವರದ ನೀರು ಗಡಸು, ಅದರ ಪಿ.ಎಚ್. 9ರ ಆಸುಪಾಸಿನಲ್ಲಿದೆ. ಅಮೆಜಾನಿನದು ಮೆದುನೀರು. ಒಂದೇ ತೊಟ್ಟಿಯಲ್ಲಿ ಎರಡು ದೇಶದವರನ್ನೂ ತೃಪ್ತಿಪಡಿಸುವುದು ಆಗದ ಮಾತು. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ಗಡಸುನೀರು ಅಡುಗೆಮನೆಯಲ್ಲಿ ಬೈಗುಳ ತಿಂದರೂ ಆಫ್ರಿಕದ ಮೀನುಗಳಿಗೆ ಒಪ್ಪುತ್ತದೆ. ಆ ತೊಟ್ಟಿಗೆ ಸಿನೊಡಾಂಟಿಸ್ ಜಾತಿಯ ಕ್ಯಾಟ್‌ಫಿಶ್‌ಗಳು ಹೇಳಿ ಮಾಡಿಸಿದಂತಿವೆ: ಚುರುಕು, ಗಟ್ಟಿಮುಳ್ಳು, ಹಗಲೂ ಆಗಾಗ ಮುಖ ತೋರಿಸುವ ಧೈರ್ಯ.

ಇವುಗಳಲ್ಲಿ ಬಿಳಿಯ ಮೈಮೇಲೆ ಕರಿಯ ಚುಕ್ಕೆಗಳುಳ್ಳ ಸಿನೊಡಾಂಟಿಸ್ ಮಲ್ಟಿಪಂಕ್ಟೇಟಸ್ ಎಂಬುದರ ಕಥೆ ಬಲು ಸ್ವಾರಸ್ಯದ್ದು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಎಲ್ಲರೂ ಬಲ್ಲರು. ಈ ಮೀನು ಸಿಕ್ಲಿಡ್ ತಾಯಿಯ ಬಾಯಿಯನ್ನೇ ಗೂಡುಮಾಡಿಕೊಳ್ಳುತ್ತದೆ. ಸಿಕ್ಲಿಡ್ ದಂಪತಿಗಳು ಮೊಟ್ಟೆಯಿಡುವ ಗಳಿಗೆಗೆ ಸರಿಯಾಗಿ ನುಗ್ಗಿ, ಅವುಗಳ ಕೆಲವು ಮೊಟ್ಟೆಗಳನ್ನು ತಿಂದು, ತನ್ನ ಮೊಟ್ಟೆಗಳನ್ನು ಚೆಲ್ಲಿ ಓಡುತ್ತದೆ. ಗಾಬರಿಗೊಂಡ ತಾಯಿ ಸಿಕ್ಕಿದುದನ್ನೆಲ್ಲ ಬಾಯಿಗೆ ತುಂಬಿಕೊಳ್ಳುತ್ತದೆ. ಕ್ಯಾಟ್‌ಫಿಶ್ಶಿನ ಮೊಟ್ಟೆ ಮೊದಲು ಒಡೆಯುತ್ತದೆ. ಆ ಮರಿಗಳು ತಮ್ಮ ಬುತ್ತಿ ತೀರಿದ ಮೇಲೆ, ಆ ಬಾಯೊಳಗೇ ಸಿಕ್ಲಿಡ್ ಮರಿಗಳನ್ನು ತಿಂದು ಬೆಳೆಯುತ್ತವೆ. ವಾರಗಟ್ಟಲೆ ಉಪವಾಸವಿದ್ದ ತಾಯಿ ಕೊನೆಗೆ ಬಾಯಿ ತೆರೆದರೆ ಹೊರಬರುವುದು ಪರರ ಮಕ್ಕಳು. ಜಪಾನಿನ ತೆತ್ಸು ಸಾತೋ 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದನು. ಸಿಕ್ಲಿಡ್ ಮರಿ ಮಾಡಿಸಿ ಮಾರಬೇಕೆಂಬ ಆಸೆಯುಳ್ಳವರು ಈ ಚುಕ್ಕೆಯ ಚೆಲುವನ್ನು ದೂರವಿಡುವುದು ಮೇಲು.

ಅದೇ ಖಂಡದ ಮಲಾವಿ ಸರೋವರದಲ್ಲಿ ಇದಕ್ಕೆ ತದ್ವಿರುದ್ಧವಾದ ನೆರೆಹೊರೆಯೂ ಇದೆ. ಅಲ್ಲಿ ಕಂಪಾಂಗೊ ಎಂಬ ದೊಡ್ಡ ಕ್ಯಾಟ್‌ಫಿಶ್ ಗಂಡುಹೆಣ್ಣು ಕೂಡಿ ತಮ್ಮ ಮರಿಗಳನ್ನು ಕಾಯುತ್ತವೆ. ಕೆಲವು ಸಿಕ್ಲಿಡ್ ತಾಯಂದಿರು ತಮ್ಮ ಬಾಯಲ್ಲಿದ್ದ ಮರಿಗಳನ್ನು ತಂದು ಆ ಗುಂಪಿನಲ್ಲಿ ಬಿಡುತ್ತವೆ. ಕಂಪಾಂಗೊ ಅವುಗಳನ್ನೂ ಕಾಯುತ್ತದೆ. ಇದನ್ನು ನೀರಿನೊಳಗಿಳಿದು ನೋಡಿ ವಿವರಿಸಿದವನು ಕೆನೆತ್ ಮಕ್‌ಕೇ. ಕಾಯುವವನ ಲಾಭವೂ ಇದರಲ್ಲಿದೆ: ಅಂಚಿನಲ್ಲಿರುವ ಪರರ ಮರಿಗಳೇ ಮೊದಲು ಶತ್ರುವಿನ ಬಾಯಿಗೆ ಬೀಳುವುದರಿಂದ ನಡುವಿನ ಸ್ವಂತ ಮರಿಗಳು ಉಳಿದುಕೊಳ್ಳುತ್ತವೆ. ಉಚಿತವಾಗಿ ಮಕ್ಕಳನ್ನು ನೋಡಿಕೊಳ್ಳುವ ನೆರೆಯವರು ಸರೋವರದಲ್ಲಿಯೂ ದುರ್ಲಭ.

ಜಾತಿಯ ಆಯ್ಕೆ ಸರಿಯಾಗಿದ್ದರೂ ತೊಟ್ಟಿ ಚಿಕ್ಕದಾದರೆ ಎಲ್ಲವೂ ವ್ಯರ್ಥ. ದೊಡ್ಡ ಸಿಕ್ಲಿಡ್ಡೂ ಪ್ಲೆಕೊವೂ ಜೊತೆಗಿರಬೇಕಾದರೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಬೇಕು. ಅದರಲ್ಲಿ 680 ಲೀಟರ್ ನೀರು ಹಿಡಿಯುತ್ತದೆ. ನೀರೊಂದೇ 680 ಕಿಲೋಗ್ರಾಂ ತೂಗುವುದಾದ್ದರಿಂದ, ಮಹಡಿಯ ಮನೆಯವರು ಮೀನಿನಂಗಡಿಗೆ ಹೋಗುವ ಮುನ್ನ ಮನೆ ಕಟ್ಟಿದ ಇಂಜಿನಿಯರನ್ನು ಕಾಣುವುದು ಒಳ್ಳೆಯದು. ನಲ್ಲಿಯ ನೀರಿನ ಕ್ಲೋರಿನ್ನನ್ನು ಕಳೆದೇ ಬಳಸಬೇಕು; ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಬೇಕು.

ತೊಟ್ಟಿಯೊಳಗೆ ಮರೆಗಳಿರಬೇಕು. ಅಡ್ಡ ಮಲಗಿಸಿದ ಹೂಕುಂಡ, ಪಿ.ವಿ.ಸಿ. ಕೊಳವೆಯ ತುಂಡು, ಮರದ ಬೊಡ್ಡೆ, ಇವೇ ಸಾಕು. ಮರೆಯ ಬಾಯಿ ಕ್ಯಾಟ್‌ಫಿಶ್ಶಿನ ಚಪ್ಪಟೆ ಮೈ ನುಸುಳುವಷ್ಟಿದ್ದು, ಸಿಕ್ಲಿಡ್ಡಿನ ಎತ್ತರದ ಮೈ ಹೋಗದಷ್ಟು ಕಿರಿದಾಗಿರಬೇಕು. ಕೊಳವೆಗೆ ಎರಡು ಕಡೆಯೂ ಬಾಯಿರಬೇಕು. ಒಂದೇ ಬಾಗಿಲಿನ ಗುಹೆ ಬೋನಾಗುವುದುಂಟು. ಸಾಧ್ಯವಾದರೆ ಕ್ಯಾಟ್‌ಫಿಶ್ಶನ್ನೇ ಮೊದಲು ಒಕ್ಕಲು ಮಾಡಿ, ಸಿಕ್ಲಿಡ್ಡನ್ನು ಆಮೇಲೆ ತರಬೇಕು. ಸಿಕ್ಲಿಡ್ ಆಗಲೇ ಬೇರೂರಿದ್ದರೆ ಕಲ್ಲು ಕುಂಡಗಳನ್ನೆಲ್ಲ ಎತ್ತಿ ಬೇರೆ ಕಡೆ ಜೋಡಿಸತಕ್ಕದ್ದು. ತನ್ನ ಮನೆಯ ಎಲ್ಲೆಯೇ ಗುರುತು ಸಿಗದೆ ಅದು ತಬ್ಬಿಬ್ಬಾಗಿರುವಾಗ, ಹೊಟ್ಟೆತುಂಬ ಕಾಳು ಹಾಕಿ, ದೀಪವಾರಿಸಿ, ಹೊಸಬನನ್ನು ಕತ್ತಲಲ್ಲಿ ಬಿಡಬೇಕು. ಹೊಸಬನನ್ನು ಬಲೆಯಲ್ಲಿ ಹಿಡಿಯುವುದು ಬೇಡ. ಮುಳ್ಳು ಬಲೆಗೆ ಸಿಕ್ಕಿದರೆ ಬಲೆಯನ್ನೇ ಕತ್ತರಿಸಬೇಕಾದೀತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಸಮೇತ ಎತ್ತುವುದೇ ಕ್ಷೇಮ. ಇರುಳಿನವನ ಊಟವೂ ಇರುಳಿಗೇ ಸಲ್ಲಬೇಕು. ದೀಪವಾರಿಸಿದ ಮೇಲೆ ಮುಳುಗುವ ಕಾಳು ಹಾಕದಿದ್ದರೆ ಹಗಲಿನವನೇ ಎರಡು ಪಾಲನ್ನೂ ಮುಗಿಸುತ್ತಾನೆ. ತೊಟ್ಟಿಗೆ ಔಷಧಿ ಹಾಕುವ ಸಂದರ್ಭ ಬಂದರೆ, ಹುರುಪೆಯಿಲ್ಲದ ಈ ಮೀನುಗಳಿಗೆ ಅದು ಬೇಗ ತಾಗುವುದೆಂಬುದನ್ನು ನೆನಪಿಟ್ಟು ಅಳತೆಯನ್ನು ತಗ್ಗಿಸಬೇಕು.

ಇಷ್ಟೆಲ್ಲ ಮಾಡಿದರೂ ಯಾರನ್ನೂ ಸೇರಿಸಿಕೊಳ್ಳದ ಮೀನುಗಳುಂಟು. ಫ್ಲವರ್‌ಹಾರ್ನ್‌ಗಳಲ್ಲಿ ಅಂತಹವೇ ಹೆಚ್ಚು. ಮೊದಲ ವಾರ ಬೆಳಗ್ಗೆ ಸಂಜೆ ಹೊಸಬನ ಕಣ್ಣು, ಬಾಲಗಳನ್ನು ನೋಡುತ್ತಿರಬೇಕು. ಗಾಯ ಕಂಡ ದಿನವೇ ಬೇರ್ಪಡಿಸಬೇಕು. ನಾಳೆ ಸರಿಹೋದೀತೆಂದು ಕಾಯುವುದು ಕೊಲೆಗೆ ಒಪ್ಪಿಗೆ ಕೊಟ್ಟಂತೆ. ತೊಟ್ಟಿಯ ನಡುವೆ ಗಾಜಿನ ತಡಿಕೆ ಇಳಿಬಿಟ್ಟರೆ ಇಬ್ಬರೂ ಒಬ್ಬರನ್ನೊಬ್ಬರು ಕಣ್ಣಿನಲ್ಲೇ ಗದರಿಸುತ್ತ ಬದುಕಿಯಾರು.

ಹೆಚ್ಚಾದ ಮೀನನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರಿದ್ದಾರೆ. ಹೀಗೆ ಹೊರಬಿದ್ದ ಪ್ಲೆಕೊಗಳು ಕೊಲ್ಕತ್ತದ ಪೂರ್ವದ ಜೌಗುಗಳಲ್ಲಿಯೂ ತಿರುವನಂತಪುರದ ಕಾಲುವೆಯಲ್ಲಿಯೂ ಸಂಸಾರ ಹೂಡಿವೆ. ದಡವನ್ನು ಕೊರೆದು ಬಿಲಮಾಡಿ ಮರಿಯಿಡುತ್ತವೆ. ಅವುಗಳ ಕವಚ ಕಂಡು ಹಕ್ಕಿಗಳೂ ಹಿಂಜರಿಯುತ್ತವೆ. ಮೆಕ್ಸಿಕೋದ ಇನ್ಫಿಯರ್ನಿಯೊ ಜಲಾಶಯದಲ್ಲಿ ತಿಲಾಪಿಯ ಹಿಡಿದು ಹೊಟ್ಟೆಹೊರೆಯುತ್ತಿದ್ದ ಬೆಸ್ತರ ಬಲೆಗಳಲ್ಲಿ ತಿಲಾಪಿಯದ ಬದಲು ಪ್ಲೆಕೊಗಳೇ ತುಂಬತೊಡಗಿ, ಬಲೆಗಳೂ ಹರಿದು ಅವರ ಕಸುಬು ಕುಸಿಯಿತು. ಸಾಕಲಾಗದ ಮೀನನ್ನು ದೊಡ್ಡ ತೊಟ್ಟಿಯುಳ್ಳ ಇನ್ನೊಬ್ಬರಿಗೆ ಕೊಡಬಹುದು, ಇಲ್ಲವೆ ಕೊಂಡ ಅಂಗಡಿಗೇ ಮರಳಿಸಬಹುದು. ಬೆಳೆದ ಪ್ಲೆಕೊವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಯವರೂ ಇದ್ದಾರೆ, ತಲೆಯಾಡಿಸಿಬಿಡುವವರೂ ಇದ್ದಾರೆ. ಅದನ್ನು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳುವುದು ಲೇಸು.